ಲೈನ್ ಹೋತು, ಲೈನ್ ಗೇಲೀ

ಉದಗೀರದ ಬಸ್‌ಸ್ಟ್ಯಾಂಡಿನಲ್ಲಿ ಭಾಲ್ಕಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನ ಹೆಣ್ಣುಮಗಳು ತವರಿಗೆ ಫೋನ್ ಹಚ್ಚಿದ್ದಳು. "ಯವ್ವಾ, ರಾತ್ರಿಯೆಲ್ಲ ಲೈನ್ ಇದ್ದಿದ್ದಿಲ್ಲ, ಫೋನ್ ಚಾರ್ಜೇ ಆಗಿಲ್ಲ. ಹೊಲ್ದಾಗಿನ ಲೈನ್ ಒಡದದ, ಇವ್ರು ಜೋಡಸ್ಲಾಕ ಹೋಗ್ಯಾರ, ಅದಕ್ಕ ನಾ ಒಬ್ಬಾಕೇ ಬರ್ಲತ್ತೀನಿ. ಮುಂಜಾನೆ ರೇಷನ್ ಲೈನ್ದಾಗ ನಿಂತು ನಿಂತು ಕಾಲು ಬಿದ್ದು ಹೋಗ್ಯಾವ. ಹಲೋ? ಯವ್ವಾ? ಲೈನ್ ಕಟ್ ಆಗ್ಲತ್ತದ ನೋಡು."

ಒಂದು ನಿಮಿಷದೊಳಗೆ ನಾಲ್ಕು ಲೈನು. ಮೊದಲನೆಯದು ಕರೆಂಟು, ಎರಡನೆಯದು ನೀರಿನ ಪೈಪು, ಮೂರನೆಯದು ಮಂದಿಯ ಪಾಳಿ, ನಾಲ್ಕನೆಯದು ತಂತಿಯೇ ಇಲ್ಲದ ಮಾತು. ಆ ಕಡೆಯ ಅವ್ವ ಒಂದನ್ನೂ ತಪ್ಪಾಗಿ ತಿಳಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು, ಜನ ಬಾಗಿಲಿಗೆ ಮುಗಿಬಿದ್ದರು, ಯಾರೋ ಹಿಂದಿನಿಂದ ಕೂಗಿದರು: "ಲೈನೀತ ಯಾ, ಲೈನೀತ ಯಾ!" ಯಾರೂ ಲೈನಿನಲ್ಲಿ ಬರಲಿಲ್ಲ.

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕರ್ನಾಟಕದ ಅಂಚಿನಲ್ಲಿ ಮನೆಯೊಳಗೆ ಕನ್ನಡ, ಬಜಾರದಲ್ಲಿ ಮರಾಠಿ, ಗೆಳೆಯರ ಜೊತೆ ದಖ್ಖನಿ ಉರ್ದು ಆಡುವವರು ಸಿಗುತ್ತಾರೆ. ಹಿಂದೆ ನಿಜಾಮರ ಕಚೇರಿಯ ಉರ್ದು ಇತ್ತು, ಈಗ ಕಚೇರಿಯದು ಮರಾಠಿ. ಇಷ್ಟು ಭಾಷೆಗಳ ನಡುವೆ ಲೈನ್ ಅನ್ನುವ ಪದಕ್ಕೆ ಯಾರ ತಕರಾರೂ ಇಲ್ಲ, ಯಾಕಂದರೆ ಅದು ಯಾರದೂ ಅಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಯಲ್ಲಿ ಬಾಡಿಗೆದಾರನ ಜೊತೆ ಇಬ್ಬರೂ ಮಾತಾಡುವ ಹಾಗೆ. ಆದರೆ ಕಿವಿ ಚುರುಕಾಗಿದ್ದವರಿಗೆ ಆಡಿದವರ ಮನೆಮಾತು ಯಾವುದೆಂದು ಈ ಪದದ ಹಿಂದಿನ ಕ್ರಿಯಾಪದವೇ ಹೇಳಿಬಿಡುತ್ತದೆ. ಮರಾಠಿಗೆ ಲೈನ್ ಹೆಣ್ಣು: ಲೈನ್ ಗೇಲೀ, ಲೈನ್ ಆಲೀ. ದಖ್ಖನಿಗೂ ಹೆಣ್ಣೇ: ಲೈನ್ ಗಯೀ. ಕನ್ನಡಕ್ಕೆ ಅದು ಕಲ್ಲು, ಕಟ್ಟಿಗೆಗಳ ಜಾತಿ: ಲೈನ್ ಹೋತು, ಲೈನ್ ಬಂತು. ಮರಾಠಿ ಅದನ್ನು ಬಹುವಚನದಲ್ಲಿ ಲೈನೀ ಎಂದು ಬಾಗಿಸಿಕೊಂಡಿತು, ನಾವು ಲೈನುಗೋಳು ಎಂದು ಬಾಲ ಹಚ್ಚಿದೆವು. ಲಿಂಗವಿಲ್ಲದ ಇಂಗ್ಲಿಷ್ ಪದ ನಮ್ಮ ಕಡೆ ಬಂದ ಮೇಲೆ ಸೀರೆಯನ್ನೂ ಉಟ್ಟಿತು, ಬರಿಮೈಯಲ್ಲೂ ಉಳಿಯಿತು.

ಆ ಸೀರೆಯ ಮಾತು ಬರೀ ಅಲಂಕಾರಕ್ಕೆ ಬಂದದ್ದಲ್ಲ. ಲೈನ್ ಹುಟ್ಟಿದ್ದೇ ಬಟ್ಟೆಯ ನೂಲಿನಿಂದ. ಲ್ಯಾಟಿನ್ನಿನಲ್ಲಿ ಲೀನುಂ ಅಂದರೆ ಅಗಸೆ ಗಿಡ. ಅದರ ನಾರಿನಿಂದ ಹೊಸೆದ ದಾರ ಲೀನೆಯಾ. ದಾರವನ್ನು ಎರಡು ಗೂಟದ ನಡುವೆ ಬಿಗಿದರೆ ನೆಟ್ಟಗಿನ ಗೆರೆ ಬರುತ್ತದೆ, ಹಾಗಾಗಿ ದಾರದ ಹೆಸರೇ ಗೆರೆಗೂ ಅಂಟಿತು. ಹಗ್ಗ ಎಂಬ ಅರ್ಥದಲ್ಲಿ ಇಂಗ್ಲಿಷಿಗೆ ಅದು ಬಹಳ ಹಿಂದೆಯೇ ಹೋಗಿತ್ತು. ಆಮೇಲೆ ಫ್ರೆಂಚಿನ ಮೂಲಕ ಇನ್ನೊಂದು ಸಲ ಬಂತು. ಎರಡು ಹೊಳೆ ಕೂಡಿ ಈಗಿನ ಲೈನ್ ಆಯಿತು. ಈಜಿಪ್ಟಿನ ಮಮ್ಮಿಗಳಿಗೆ ಸುತ್ತಿದ ಬಟ್ಟೆಯೂ ಈ ಅಗಸೆಯ ನಾರಿನದೇ. ಅದಕ್ಕೆ ಲಿನನ್ ಎಂಬ ಹೆಸರೂ ಈ ಬಳ್ಳಿಯದೇ.

ಇನ್ನು ಅಗಸೆ. ಅದನ್ನು ಉದಗೀರದವರಿಗೆ ಪರಿಚಯ ಮಾಡಿಕೊಡಬೇಕೆ? ಕನ್ನಡದ ಮನೆಯಲ್ಲಿ ಅಗಸಿ, ಮರಾಠಿಯ ಮನೆಯಲ್ಲಿ ಜವಸ, ಸಂಸ್ಕೃತದಲ್ಲಿ ಅತಸೀ, ಹಿಂದಿಯಲ್ಲಿ ಅಲಸೀ. ಹಿಂಗಾರಿಯ ಕರಿನೆಲದಲ್ಲಿ ಬಿಳಿಜೋಳ, ಕಡಲೆ, ಕುಸುಬಿಗಳ ಜೊತೆ ನಾಲ್ಕು ಸಾಲು ಅಗಸಿ ಹಾಕುವುದು ಈ ಕಡೆಯ ಹಳೆಯ ರೂಢಿ. ನೀಲಿ ಹೂ ಬಿಡುವ ಸಣ್ಣ ಗಿಡ. ಸೋಯಾಬೀನು ಬಂದು ಹೊಲದ ಲೆಕ್ಕವನ್ನೆಲ್ಲ ಬದಲಿಸಿದ ಮೇಲೆ ಆ ನೀಲಿ ಕಡಿಮೆಯಾಗಿದೆ. ಆದರೆ ರೊಟ್ಟಿಯ ಮಗ್ಗುಲಲ್ಲಿ ಅಗಸಿ ಹಿಂಡಿ ಇಲ್ಲದ ಮನೆ ಇನ್ನೂ ವಿರಳ. ಹುರಿದ ಅಗಸಿ, ಬಳ್ಳೊಳ್ಳಿ, ಒಣ ಮೆಣಸಿನಕಾಯಿ, ಉಪ್ಪು ಕೂಡಿಸಿ ಕುಟ್ಟುವಾಗ ಬರುವ ವಾಸನೆಗೆ ಗಡಿಯ ಎರಡೂ ಕಡೆ ಹಸಿವಾಗುತ್ತದೆ. ಒಂದು ವಿಚಿತ್ರವೆಂದರೆ, ಯುರೋಪು ಈ ಗಿಡವನ್ನು ಎತ್ತರಕ್ಕೆ ಬೆಳೆಸಿ ನಾರು ತೆಗೆಯಿತು. ನಾವು ಗಿಡ್ಡಗೆ ಟಿಸಿಲೊಡೆಯುವ ತಳಿಯನ್ನು ಬೆಳೆದು ಬೀಜ ಹಿಡಿದೆವು, ಎಣ್ಣೆ ತೆಗೆದೆವು, ಹಿಂಡಿ ಕುಟ್ಟಿದೆವು. ಅವರು ಅದನ್ನು ಉಟ್ಟರು, ನಾವು ಉಂಡೆವು. ಅವರಿಗೆ ಅದರಿಂದ ಲೈನ್ ಸಿಕ್ಕಿತು. ನಮ್ಮ ಗೆರೆ ಬೇರೆ ಕಡೆಯಿಂದ ಬರಬೇಕಾಯಿತು.

ಎಲ್ಲಿಂದ ಬಂತು? ಕನ್ನಡದ ಗೆರೆ ದಾರ ಬಿಗಿದು ಎಳೆದದ್ದಲ್ಲ, ಗೀರಿದ್ದು. ಗೀರು, ಗೀಟು, ಗೆರೆ ಒಂದೇ ಮನೆಯ ಮಕ್ಕಳು. ಇನ್ನೊಂದು ಪದ ಸಾಲು. ಅದು ಮೊದಲಿಗೆ ನೇಗಿಲು ಬಿಟ್ಟುಹೋದ ಗೀರು; ಆಮೇಲೆ ಮರಗಳ ಸಾಲು, ಮನೆಗಳ ಸಾಲು, ಕೊನೆಗೆ ಪದ್ಯದ ಸಾಲು. ಲ್ಯಾಟಿನ್ನಿನವರೂ ಒಕ್ಕಲುಮಕ್ಕಳೇ. ಪದ್ಯಕ್ಕೆ ಇಂಗ್ಲಿಷಿನವರು ಅನ್ನುವ ವರ್ಸ್ ಎಂಬುದರ ಬೇರು ನೇಗಿಲು ಹೊಲದ ತುದಿಗೆ ಹೋಗಿ ತಿರುಗುವುದರಲ್ಲಿದೆ. ಜ್ವರದಲ್ಲಿ ಬಡಬಡಿಸುವುದಕ್ಕೆ ಡಾಕ್ಟರರು ಹೇಳುವ ಡಿಲೀರಿಯಂಗೆ ಮೂಲದಲ್ಲಿ ಉಳುಮೆಯ ಸಾಲು ತಪ್ಪುವುದು ಎಂದರ್ಥ. ನಮ್ಮಲ್ಲೂ ದಾರದಿಂದ ಅರ್ಥ ನೂತವರು ಇಲ್ಲದಿಲ್ಲ. ಸಂಸ್ಕೃತದ ಸೂತ್ರ ಮೊದಲಿಗೆ ದಾರ, ಆಮೇಲೆ ಪಾಣಿನಿಯ ಒಂದು ಸಾಲು. ತಮಿಳಿನಲ್ಲಿ ನೂಲ್ ಅಂದರೆ ನೂಲೂ ಹೌದು, ಗ್ರಂಥವೂ ಹೌದು. ಕನ್ನಡದ ನೂಲು ಮಾತ್ರ ಮಗ್ಗದಲ್ಲೇ ಉಳಿಯಿತು.

ಹಾಗಾದರೆ ಲೈನ್ ನಮ್ಮ ಸಾಲು, ಗೆರೆಗಳನ್ನು ಓಡಿಸಿಬಿಟ್ಟಿತೆ ಎಂದು ಕೇಳಿದರೆ, ಇಲ್ಲ. ಅದು ಬಂದು ಕೂತದ್ದು ಹೊಸದಾಗಿ ಬಂದ ವಸ್ತುಗಳ ಮೇಲೆ: ತಂತಿ, ಹಳಿ, ಪೈಪು, ಕೌಂಟರು. ಹೊಲದಲ್ಲಿ ಸಾಲು ಸಾಲಾಗಿಯೇ ಇದೆ. ಊಟದ ಎಲೆಗಳು ಪಂಕ್ತಿಯಲ್ಲೇ ಇವೆ. ಮರಾಠಿಯವರ ಪಂಗತ ಅದರ ತಂಗಿ. ಪಂಕ್ತಿಗೆ ಲೈನ್ ಅಂದರೆ ಉಣ್ಣುವವರಿಗೆ ರೇಷನ್ ಅಂಗಡಿಯ ನೆನಪಾದೀತು. ಪಾಳಿಯ ಜಾಗವನ್ನಷ್ಟೇ ಲೈನ್ ಸ್ವಲ್ಪ ಕಬಳಿಸಿದೆ. ಪಾಳಿಗೆ ನನ್ನ ಸರದಿ ಎಂಬ ಹಕ್ಕಿನ ಧ್ವನಿಯಿದೆ. ಲೈನಿಗೆ ಅದಿಲ್ಲ, ಅಲ್ಲಿ ಸುಮ್ಮನೆ ನಿಲ್ಲಬೇಕು.

ಪದದ ಹಳೆಯ ಜನ್ಮವನ್ನು ಮರೆಯದವರು ಎರಡು ಕಸುಬಿನವರು. ಒಬ್ಬ ಗೌಂಡಿ. ಇಟ್ಟಿಗೆಯ ವರಸೆ ನೆಟ್ಟಗಿದೆಯೋ ಇಲ್ಲವೋ ನೋಡಲು ಎರಡು ಮೊಳೆಗೆ ಬಿಗಿಯುವ ದಾರಕ್ಕೆ ಅವನು ಲೈನ್‌ದೋರಿ ಅನ್ನುತ್ತಾನೆ. ದೋರಿ ಅಂದರೂ ದಾರ, ಲೈನ್ ಅಂದರೂ ದಾರ. ಎರಡು ಸಾವಿರ ವರ್ಷದ ಹಿಂದಿನ ರೋಮಿನ ಬಡಗಿಯ ಕೈಯಲ್ಲಿದ್ದದ್ದೂ ಇದೇ ದಾರ. ಇನ್ನೊಬ್ಬ ದರ್ಜಿ. ಉಮರ್ಗಾದ ಯಾವ ದರ್ಜಿಯ ಅಂಗಡಿಗೆ ಜಂಪರ್ ಬಟ್ಟೆ ಒಯ್ದರೂ ಮೊದಲ ಪ್ರಶ್ನೆ ಒಂದೇ: "ಲೈನಿಂಗ್ ಹಾಕ್ಲಿ ಏನ್ರಿ ಅಕ್ಕಾ?" ಬಟ್ಟೆಯ ಒಳಮೈಗೆ ಹಚ್ಚುವ ಪದರಕ್ಕೂ ಗೆರೆಗೂ ಏನು ಸಂಬಂಧ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಸಂಬಂಧ ಗೆರೆಯದಲ್ಲ, ಅಗಸೆಯದು. ಯುರೋಪಿನಲ್ಲಿ ಉಣ್ಣೆಯ ನಿಲುವಂಗಿಯ ಒಳಗೆ ಮೈಗೆ ಚುಚ್ಚದಿರಲೆಂದು ಲಿನನ್ ಹಚ್ಚಿ ಹೊಲಿಯುತ್ತಿದ್ದರು. ಲಿನನ್ ಹಚ್ಚುವುದೇ ಲೈನಿಂಗ್. ಈಗ ಹಚ್ಚುವುದು ಹತ್ತಿಯದೋ ಪಾಲಿಸ್ಟರಿನದೋ, ಹೆಸರು ಮಾತ್ರ ಅಗಸೆಯದು.

ಹಳಿಯ ಮೇಲಿನ ಲೈನಿಗೆ ಈ ಸೀಮೆಯಲ್ಲಿ ದೊಡ್ಡ ಚರಿತ್ರೆಯಿದೆ. ಎರಡೂವರೆ ಅಡಿ ಅಗಲದ ಪುಟ್ಟ ಹಳಿಯ ಬಾರ್ಶಿ ಲೈಟ್ ರೈಲ್ವೆಯನ್ನು ಎವರಾರ್ಡ್ ಕಾಲ್‌ಥ್ರಾಪ್ ಎಂಬ ಎಂಜಿನಿಯರ್ ಕಟ್ಟಿದ. 1897ರಲ್ಲಿ ಓಡತೊಡಗಿತು, 1911ರಲ್ಲಿ ಲಾತೂರು ಮುಟ್ಟಿತು, 1927ರಲ್ಲಿ ಇನ್ನೊಂದು ತುದಿಗೆ ಮಿರಜ ಮುಟ್ಟಿತು. ಉದಗೀರದ್ದು ಬೇರೆ ಲೈನು: ವಿಕಾರಾಬಾದಿನಿಂದ ಜಹೀರಾಬಾದ್, ಬೀದರ, ಭಾಲ್ಕಿ, ಕಮಲನಗರ, ಉದಗೀರ, ಲಾತೂರ ರೋಡ್, ಪರಳಿ. ನಿಜಾಮರ ರಾಜ್ಯದೊಳಗೇ ಹುಟ್ಟಿದ ಈ ಲೈನ್ ಈಗ ಮೂರು ರಾಜ್ಯಗಳಲ್ಲಿ ಹಾಯುತ್ತದೆ. ಹಳಿ ಒಂದಿಂಚೂ ಜರುಗಿಲ್ಲ. ಅದರ ಕೆಳಗಿನ ನೆಲದ ಹೆಸರು ಜರುಗಿತು.

2016ರ ಬೇಸಿಗೆಯಲ್ಲಿ ಲಾತೂರಿನ ನಲ್ಲಿಗಳು ಪೂರ್ತಿ ಒಣಗಿದವು. ಆಗ ಏಪ್ರಿಲ್ ತಿಂಗಳಲ್ಲಿ ಮಿರಜದಿಂದ ವ್ಯಾಗನ್ನುಗಳಲ್ಲಿ ನೀರು ತುಂಬಿಕೊಂಡು ರೈಲು ಬಂತು. ನೀರಿನ ಲೈನ್ ಬತ್ತಿದ ಊರಿಗೆ ರೈಲಿನ ಲೈನ್ ನೀರು ಕೊಟ್ಟಿತು. ಮರಾಠವಾಡದ ರೈತ ಬರೀ ಲೈನ್ ಅಂದರೆ ಹತ್ತರಲ್ಲಿ ಐದು ಸಲವಾದರೂ ಪೈಪ್‌ಲೈನೇ, ಉಳಿದದ್ದರಲ್ಲಿ ಹೆಚ್ಚಿನದು ತ್ರೀಫೇಸ್ ಕರೆಂಟು. ಎರಡಕ್ಕೂ ನಂಟಿದೆ: ತಂತಿಯ ಲೈನ್ ಬಂದರೆ ಬೋರಿನ ಮೋಟರು, ಮೋಟರು ತಿರುಗಿದರೆ ಪೈಪಿನ ಲೈನು. ನಡುರಾತ್ರಿ ಎರಡಕ್ಕೆ ಕರೆಂಟು ಕೊಟ್ಟರೆ ಎರಡಕ್ಕೇ ಎದ್ದು ಹೊಲಕ್ಕೆ ಹೋಗಬೇಕು. "ಲೈನ್ ಬಂತೇನ?" ಎಂಬ ಪ್ರಶ್ನೆಯ ತೂಕ ಬೆಂಗಳೂರಿನಲ್ಲಿ ಕೂತವರಿಗೆ ತಿಳಿಯುವುದು ಕಷ್ಟ. ಕರೆಂಟಿನ ಕಂಪನಿ ರಾಜ್ಯದ ಗೆರೆಯಾಚೆ ಜೆಸ್ಕಾಂ, ಗೆರೆಯೀಚೆ ಮಹಾವಿತರಣ; ಕಂಬ ಹತ್ತುವವನಿಗೆ ಎರಡೂ ಕಡೆ ಲೈನ್‌ಮನ್ ಎಂದೇ ಹೆಸರು.

ಕಂಪನಿಯ ದಂಡು ಬಿಟ್ಟುಹೋದ ಲೈನ್ ಇನ್ನೊಂದು. ಸಿಪಾಯಿಗಳ ಗುಡಿಸಲುಗಳನ್ನು ಸಾಲಾಗಿ ಹಾಕುತ್ತಿದ್ದರಿಂದ ಆ ವಸತಿಗೇ ಲೈನ್ಸ್ ಎಂದರು. ಪೊಲೀಸ್ ಲೈನು ಪ್ರತಿ ಜಿಲ್ಲಾ ಊರಲ್ಲಿದೆ, ಕೊಡಗಿನ ಕಾಫಿ ತೋಟದ ಕೂಲಿಗಳಿಗೆ ಲೈನ್‌ಮನೆಗಳಿವೆ, ಧಾರವಾಡದ ಪೇಡೆ ಹೆಸರಾದದ್ದು ಲೈನ್ ಬಜಾರದಿಂದ. ಅಧಿಕಾರಿಯ ಬಂಗಲೆಗೆ ಮಾತ್ರ ಯಾರೂ ಲೈನ್‌ಮನೆ ಅನ್ನಲಿಲ್ಲ, ಅದು ಬೇರೆ ಮಾತು.

ಹುಡುಗರ ಲೈನಿಗೆ ಬರೋಣ. "ಲೈನ್ ಹೊಡಿಲತ್ತಾನ" ಅಂದರೆ ಏನೆಂದು ಯಾವ ನಿಘಂಟೂ ನೋಡಬೇಕಿಲ್ಲ. ಮುಂಬೈ ಹಿಂದಿಯ ಲೈನ್ ಮಾರ್ನಾ ಮರಾಠಿಗೆ ಲೈನ್ ಮಾರಣೆ ಆಗಿ, ಗಡಿಯಲ್ಲಿ ಲೈನ್ ಹೊಡಿಯೋದು ಆಯಿತು. ಗಾಳ ಹಾಕಿ ಕೂರುವ ಮೀನುಗಾರನ ದಾರಕ್ಕೂ ಇಂಗ್ಲಿಷಿನಲ್ಲಿ ಲೈನ್ ಎನ್ನುತ್ತಾರೆ. ಇದರ ಮೂಲ ಅದೇ ಎಂದು ನಾನು ವಾದಿಸುವುದಿಲ್ಲ, ಹೋಲಿಕೆ ಮಾತ್ರ ಕೆಟ್ಟದ್ದೇನಲ್ಲ. ಅದೇ ಹುಡುಗನ ಅಪ್ಪನನ್ನು ನೆಂಟರು ಕೇಳುವ ಲೈನ್ ಮತ್ತೊಂದು: "ಮಗನ್ನ ಯಾವ ಲೈನಿಗಿ ಹಾಕೀರಿ?" ಸಾಯನ್ಸ್ ಲೈನೋ, ಐಟಿಐ ಲೈನೋ, ಡಿಎಡ್ ಲೈನೋ. ಲಾತೂರ್ ಪ್ಯಾಟರ್ನ್ ಎಂದು ಮಹಾರಾಷ್ಟ್ರವೆಲ್ಲ ಬಲ್ಲ ಓದಿನ ಪದ್ಧತಿಯ ನೆರಳು ಪಕ್ಕದ ನಿಲಂಗಾ, ಉದಗೀರಗಳ ಮೇಲೆ ಬಿದ್ದ ಮೇಲೆ ಡಾಕ್ಟರಕಿ ಲೈನೇ ಲೈನು, ಉಳಿದದ್ದೆಲ್ಲ ಕಾಲುದಾರಿ. ಹೀಗೆ ಹೊಡೆಯುವ ಲೈನು ಓದುವ ಲೈನನ್ನು ಕೆಡಿಸುತ್ತದೆ ಎಂಬುದು ಅಪ್ಪಂದಿರ ಚಿಂತೆ.

ಆನ್‌ಲೈನ್ ಬಂದ ಮೇಲೆ ಪಾಳಿ ಹಚ್ಚುವ ಕಷ್ಟ ತಪ್ಪುತ್ತದೆ ಅಂದಿದ್ದರು. ಈಗ ಆನ್‌ಲೈನ್ ಮಾಡಿಸಲು ಲೈನ್ ಹಚ್ಚುತ್ತಾರೆ. ಹೊಲದ ಕಾಗದವೆಂದರೆ ಈ ಕಡೆಯವರಿಗೆ ಸಾತಬಾರಾ, ಆ ಕಡೆಯವರಿಗೆ ಪಹಣಿ. ಅಳಿಯತನದ ಹೊಲ ಗೆರೆಯಾಚೆ ಇದ್ದರೆ ಎರಡೂ. ಡೆಡ್‌ಲೈನ್ ಎಂಬುದನ್ನು ರೈತರ ಬಾಯಲ್ಲಿ ನಾನು ಕೇಳಿಲ್ಲ. ಬೆಳೆವಿಮೆಗೆ ಅವರು ಲಾಸ್ಟ್ ಡೇಟ್ ಅನ್ನುತ್ತಾರೆ. ಅದು ಒಳ್ಳೆಯದೇ. ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, 1864ರ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ, ಕೈದಿ ದಾಟಿದರೆ ಕಾವಲುಗಾರ ಗುಂಡು ಹೊಡೆಯುವ ಗೆರೆಗೆ ಡೆಡ್‌ಲೈನ್ ಅನ್ನುತ್ತಿದ್ದರು. ಆ ಮಾತನ್ನು ಪತ್ರಿಕೆಯವರಾದ ನಾವು ಲೇಖನ ಕಳಿಸುವ ದಿನಕ್ಕೆ ಇಟ್ಟುಕೊಂಡೆವು.

ಇಷ್ಟು ಲೈನುಗಳ ನಡುವೆ ಒಂದಕ್ಕೆ ಮಾತ್ರ ಇಲ್ಲಿನವರು ಲೈನ್ ಅನ್ನುವುದಿಲ್ಲ. ನಕ್ಷೆಯಲ್ಲಿ ನಿಜವಾಗಿ ಲೈನಾಗಿ ಇರುವುದು ಅದೊಂದೇ: ರಾಜ್ಯದ ಗಡಿ. ಅದಕ್ಕೆ ಬಾರ್ಡರ್ ಅನ್ನುತ್ತಾರೆ, ಗಡಿ ಅನ್ನುತ್ತಾರೆ, ಸೀಮಾ ಅನ್ನುತ್ತಾರೆ, ಹಿರಿಯರು ಹದ್ದು ಅನ್ನುತ್ತಾರೆ. ರ‍್ಯಾಡ್‌ಕ್ಲಿಫ್ ಲೈನ್, ಮ್ಯಾಕ್‌ಮಹೋನ್ ಲೈನ್, ಡ್ಯೂರಂಡ್ ಲೈನ್ ಎಂದು ಎಳೆದವರ ಹೆಸರು ಹೊತ್ತ ಗೆರೆಗಳು ಉಪಖಂಡದ ಸುತ್ತ ಇವೆ. ಇಲ್ಲಿಯ ಗೆರೆಗೆ ಅಂಥ ಹೆಸರಿಲ್ಲ. 1956ರ ರಾಜ್ಯ ಪುನರ್ವಿಂಗಡಣೆ ಕಾಯಿದೆ ಬೀದರ ಜಿಲ್ಲೆಯಿಂದ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳನ್ನು ಬಿಡಿಸಿ ಮುಂಬೈ ರಾಜ್ಯಕ್ಕೆ ಕೊಟ್ಟಿತು. ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರಿಗೆ ಬಂದವು. ಉಮರ್ಗಾ ಇದ್ದ ಉಸ್ಮಾನಾಬಾದ, ಅಂದರೆ ಈಗಿನ ಧಾರಾಶಿವ ಜಿಲ್ಲೆ, ಇಡಿಯಾಗಿ ಮುಂಬೈಗೆ ಹೋಯಿತು. ಆ ವರ್ಷದ ನವೆಂಬರ್ 1ರ ಬೆಳಿಗ್ಗೆ ಬೀದರ ಜಿಲ್ಲೆಯ ಉದಗೀರದವ ಬೀದರದವನಾಗಿ ಉಳಿದಿರಲಿಲ್ಲ. 1960ರಲ್ಲಿ ಮುಂಬೈ ರಾಜ್ಯ ಒಡೆದು ಮಹಾರಾಷ್ಟ್ರವಾಯಿತು, 1982ರಲ್ಲಿ ಉಸ್ಮಾನಾಬಾದ ಒಡೆದು ಲಾತೂರ ಜಿಲ್ಲೆಯಾಯಿತು. ಒಬ್ಬ ಮುದುಕ ತನ್ನ ಹೊಲ ಬಿಟ್ಟು ಕದಲದೆ ಮೂರು ಜಿಲ್ಲೆ, ಮೂರು ರಾಜ್ಯ ನೋಡಿದ.

ಗೆರೆ ಜರುಗಿದ್ದು ಅದೇ ಮೊದಲಲ್ಲ. 1760ರಲ್ಲಿ ಉದಗೀರದ ಬಳಿ ಸದಾಶಿವರಾವ್ ಭಾವು ನಿಜಾಮನ ಸೇನೆಯನ್ನು ಸೋಲಿಸಿದಾಗಲೂ ಜರುಗಿತ್ತು. ಅದೇ ಭಾವು ಮರುವರ್ಷ ಪಾಣಿಪತ್ತಿನಲ್ಲಿ ಬಿದ್ದ. ಇನ್ನೂ ಹಿಂದಕ್ಕೆ ಹೋದರೆ, ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು. ಅದೇ ಇಂದಿನ ಲಾತೂರು. ಅವರ ಕಾಲದ ಕವಿರಾಜಮಾರ್ಗ ಕನ್ನಡನಾಡಿಗೆ ಹೇಳಿದ ಎಲ್ಲೆ ಕಾವೇರಿ ಮತ್ತು ಗೋದಾವರಿ, ಎರಡು ಹೊಳೆ. ಹೊಳೆ ಕೂಡ ಗೆರೆಯೇ, ಆದರೆ ಎರಡೂ ದಡದವರು ಅದರಲ್ಲಿ ಮೀಯುತ್ತಾರೆ.

ಎಲ್ಲೆಗೆ ಇರುವ ಪದಗಳನ್ನು ನೋಡಿದರೆ ಅಲ್ಲೂ ಹಿಂಗೇ ಕಲಬೆರಕೆ. ಹದ್ದು ಅರಬ್ಬಿಯಿಂದ ಬಂದದ್ದು, ಸರಹದ್ದು ಫಾರಸಿಯ ಹಾದಿಯಲ್ಲಿ ಬಂದದ್ದು; ಭೂಮಾಪನದವರು ಇವತ್ತಿಗೂ ಹದ್ದುಬಸ್ತು ಮಾಡುತ್ತಾರೆ. ಸಂಸ್ಕೃತದ ಸೀಮಾ ಮರಾಠಿಯಲ್ಲಿ ಸವೆದು ಶೀವ ಆಯಿತು. ಕನ್ನಡದಲ್ಲಿ ಅದು ಸೀಮೆಯಾಗಿ, ಗಡಿಯೂ ಆಗಿ, ಗಡಿಯೊಳಗಿನ ನಾಡೂ ಆಗಿ, ಆಮೇಲೆ ಕಡಲಾಚೆಯಿಂದ ಬಂದದ್ದೆಲ್ಲವೂ ಆಯಿತು: ಸೀಮೆಎಣ್ಣೆ, ಸೀಮೆಸುಣ್ಣ. ಆ ಲೆಕ್ಕದಲ್ಲಿ ಲೈನ್ ಕೂಡ ಸೀಮೆಪದವೇ. ಇತ್ತ ಕನ್ನಡದ್ದು ಆಚೆ ಹೋದದ್ದೂ ಉಂಟು. ಲಾತೂರು, ಧಾರಾಶಿವ ಸೀಮೆಯ ಮರಾಠಿಗರು ಹೊಲದಲ್ಲಿ ಕೊಂಪೆ ಕಟ್ಟಿ, ಭಜ್ಜಿ, ಅಂಬಲಿ ಉಣ್ಣುವ ದೊಡ್ಡ ಹಬ್ಬ ವೇಳ ಅಮಾವಾಸ್ಯೆ. ವೇಳೆಗೂ ಅದಕ್ಕೂ ಸಂಬಂಧವಿಲ್ಲ. ಅದು ನಮ್ಮ ಎಳ್ಳ ಅಮಾವಾಸ್ಯೆ. ಎಳ್ಳು ಗಡಿ ದಾಟುವಾಗ ವೇಳ ಆಯಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ಔಸಾ, ಉಮರ್ಗಾ ತಾಲೂಕುಗಳ ಹಳ್ಳಿಗಳು ನೆಲಸಮವಾದವು. ಕೆಸರಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆಗಳು ಮಲಗಿದವರ ಮೇಲೆಯೇ ಬಿದ್ದವು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಆಮೇಲೆ 52 ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು, ಅಗಲ ರಸ್ತೆ, ಕಾಗದದ ಮೇಲೆ ಗೀಟು ಎಳೆದಂತೆ ಸಾಲುಮನೆ. ಗೌಂಡಿಯ ಲೈನ್‌ದೋರಿ ಊರಿಗೂರನ್ನೇ ಅಳೆದಿತ್ತು. ಹಳೆ ಊರು ಹಾಗಿರಲಿಲ್ಲ. ಸಂದಿಗೊಂದಿ, ಓಣಿ, ವಾಡೆ, ಅವೆಲ್ಲಕ್ಕೂ ಸೇರಿ ಒಂದು ದೊಡ್ಡ ಬಾಗಿಲು. ಮರಾಠಿಯಲ್ಲಿ ಅದಕ್ಕೆ ವೇಸ. ಕನ್ನಡದಲ್ಲಿ ಅಗಸಿ.

ಹೌದು, ಅದೇ ಉಚ್ಚಾರ. ಬೀಜದ ಅಗಸಿಗೂ ಊರ ಬಾಗಿಲಿನ ಅಗಸಿಗೂ ಬೇರು ಬೇರೆ ಬೇರೆ, ಕಿವಿಗೆ ಮಾತ್ರ ಅವಳಿಜವಳಿ. ಹೂವನ್ನು ಪಲ್ಯ ಮಾಡುವ ಅಗಸೆ ಮರ ಮೂರನೆಯದು. ಬಟ್ಟೆ ಒಗೆಯುವ ಅಗಸನನ್ನೂ ಈ ಸಾಲಿಗೆ ತಂದರೆ ಲೇಖನ ಡಿಲೀರಿಯಂ ಆಗುತ್ತದೆ.

ಬಸ್ಸು ಉದಗೀರ ಬಿಟ್ಟು ಕಮಲನಗರದ ದಿಕ್ಕಿಗೆ ಹೊರಟಿತು. ಮುಂಚೆ ಈ ಹಾದಿಯಲ್ಲಿ ಮೊಬೈಲು ಸರ್ಕಲ್ ಬದಲಾದ ಕೂಡಲೇ ಕುಂಯ್ ಎಂದು ಕರ್ನಾಟಕಕ್ಕೆ ಸ್ವಾಗತ ಹೇಳಿ, ಬಂದ ಫೋನಿಗೂ ರೋಮಿಂಗ್ ದುಡ್ಡು ಹಿಡಿಯುತ್ತಿತ್ತು. ಗಡಿ ಎಲ್ಲಿದೆಯೆಂದು ಖಚಿತವಾಗಿ ಗೊತ್ತಿದ್ದದ್ದು ಅದಕ್ಕೊಂದಕ್ಕೇ. ಈಗ ಅದೂ ಸುಮ್ಮನಾಗಿದೆ. ಎರಡೂ ಕಡೆ ಒಂದೇ ಕರಿಮಣ್ಣು, ಒಂದೇ ತೊಗರಿ. ಭಾಲ್ಕಿ ಇನ್ನೂ ಮುಂದಿರುವಾಗಲೇ ಆ ಹೆಣ್ಣುಮಗಳು ಚೀಲ ಎತ್ತಿಕೊಂಡು ಬಾಗಿಲ ಹತ್ತಿರ ಹೋದಳು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನು. ಈ ಸಲ ಲೈನ್ ಒಂದೇ ಏಟಿಗೆ ಸಿಕ್ಕಿತು.

"ಯವ್ವಾ, ಅಣ್ಣಗ ಕಳಸು. ಚೀಲ ಒಜ್ಜಿ ಅದ. ಅಗಸಿ ತನಾ ಬಂದೀನಿ."